ರಸ್ತೆಯಲ್ಲಿ ಆಯುಧದ ಬೆದರಿಕೆ: ಚಾಲಕರ ನಡೆ ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ಅಭ್ಯಾಸಕ್ಕಾಗಿ)

1. ಪಾಠದ ಉದ್ದೇಶ

ಗ್ರಾಮ ಪಂಚಾಯಿತಿಯ ಸದಸ್ಯರು ತಾಲ್ಲೂಕು ಕೇಂದ್ರದ ಸಭೆ, ತರಬೇತಿ, ಕಾಮಗಾರಿ ವೀಕ್ಷಣೆ ಮೊದಲಾದ ಕಾರ್ಯಗಳಿಗಾಗಿ ದ್ವಿಚಕ್ರ ವಾಹನದಲ್ಲಿಯೋ ಬಾಡಿಗೆಯ ಜೀಪಿನಲ್ಲಿಯೋ ಸಂಚರಿಸುತ್ತಾರೆ. ಹಲವು ಬಾರಿ ಮನೆ ಸೇರುವಾಗ ಕತ್ತಲಾಗಿರುತ್ತದೆ. ಪಂಚಾಯಿತಿಯ ನೀರಿನ ಟ್ಯಾಂಕರು ಮತ್ತು ಸ್ವಚ್ಛ ವಾಹಿನಿಗಳು ದಿನವೂ ಇಕ್ಕಟ್ಟಾದ ಬೀದಿಗಳಲ್ಲಿ ಓಡಾಡುತ್ತವೆ. ಸ್ವಚ್ಛ ವಾಹಿನಿಯನ್ನು ಅನೇಕ ಕಡೆಗಳಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರೇ ನಡೆಸುತ್ತಿದ್ದಾರೆ. ಪ್ರತಿ ಮನೆಯ ಮುಂದೆ ನಿಲ್ಲಲೇಬೇಕಾದ ಆ ವಾಹನದ ಹಿಂದೆ ಸಿಕ್ಕಿಕೊಂಡ ಸವಾರನ ತಾಳ್ಮೆ ತಪ್ಪುವುದು ಅಪರೂಪವೇನಲ್ಲ. ಹಾರ್ನ್‌ನಿಂದ ಆರಂಭವಾದ ಸಿಟ್ಟು ಬೈಗುಳಕ್ಕೆ, ಬೈಗುಳದಿಂದ ಅಡ್ಡಗಟ್ಟುವಿಕೆಗೆ, ಅಲ್ಲಿಂದ ಆಸನದ ಕೆಳಗಿನ ಮಚ್ಚಿಗೆ ತಲುಪಲು ಕೆಲವೇ ನಿಮಿಷಗಳು ಸಾಕು.

ಇಂತಹ ಸಂದರ್ಭದಲ್ಲಿ ಚಾಲಕರು ಏನು ಮಾಡಬೇಕು, ಏನು ಮಾಡಬಾರದು, ಕಾನೂನು ಏನು ಹೇಳುತ್ತದೆ, ಪಂಚಾಯಿತಿ ಮೊದಲೇ ಮಾಡಿಡಬಹುದಾದ ಸಿದ್ಧತೆ ಯಾವುದು ಎಂಬುದನ್ನು ಈ ಪಾಠವು ವಿವರಿಸುತ್ತದೆ. ಪಾಠದ ತಿರುಳು ಇಷ್ಟೆ: ಆಯುಧ ಕಂಡ ಕ್ಷಣದಿಂದ ಚಾಲಕರ ಕರ್ತವ್ಯ ತಮಗೂ ಆಯುಧಕ್ಕೂ ನಡುವಣ ಅಂತರವನ್ನು ಹೆಚ್ಚಿಸುವುದು, ಆ ಅಂತರದ ಕೊನೆಯಲ್ಲಿ ಬೆಳಕು, ಜನ ಮತ್ತು ನೆರವು ಇರುವ ಒಂದು ಸ್ಥಳವನ್ನು ಸಿದ್ಧವಾಗಿಡುವುದು ಗ್ರಾಮದ ಕರ್ತವ್ಯ.

2. ಎರಡು ಪ್ರಕರಣಗಳು ಕಲಿಸುವುದೇನು?

1988ರ ಡಿಸೆಂಬರ್ 27ರಂದು ಪಂಜಾಬಿನ ಪಟಿಯಾಲ ನಗರದ ರಸ್ತೆಯೊಂದರಲ್ಲಿ, ದಾರಿಗೆ ಅಡ್ಡವಾಗಿ ನಿಂತಿದ್ದ ವಾಹನದ ವಿಷಯವಾಗಿ ಮಾತಿಗೆ ಮಾತು ಬೆಳೆಯಿತು. ಅಂದಿನ ಕ್ರಿಕೆಟ್ ಆಟಗಾರ ನವಜೋತ್ ಸಿಂಗ್ ಸಿಧು ಅವರ ಕೈಯ ಏಟು ತಿಂದ 65 ವರ್ಷದ ವ್ಯಕ್ತಿಯೊಬ್ಬರು ಮೃತರಾದರು. ಪ್ರಕರಣವು ವಿಚಾರಣಾ ನ್ಯಾಯಾಲಯ, ಹೈಕೋರ್ಟ್, ಸುಪ್ರೀಂ ಕೋರ್ಟ್ ಎಂದು ಸಾಗಿ, 2018ರಲ್ಲಿ 1000 ರೂಪಾಯಿ ದಂಡಕ್ಕೆ ನಿಂತಿತು. ಪುನರ್ವಿಮರ್ಶೆಯ ಬಳಿಕ 2022ರ ಮೇ 19ರಂದು ಸುಪ್ರೀಂ ಕೋರ್ಟ್ ಒಂದು ವರ್ಷದ ಕಠಿಣ ಸಜೆ ವಿಧಿಸಿತು. ದೃಢಕಾಯನ ಕೈಯೂ ಸಂದರ್ಭಾನುಸಾರ ಆಯುಧವಾಗಬಲ್ಲದು ಎಂಬ ಅಭಿಪ್ರಾಯವನ್ನು ನ್ಯಾಯಾಲಯ ಆ ತೀರ್ಪಿನಲ್ಲಿ ವ್ಯಕ್ತಪಡಿಸಿತು. ರಸ್ತೆಯ ಮೇಲಿನ ಕೆಲವು ನಿಮಿಷಗಳ ಜಗಳವು ಒಂದು ಕುಟುಂಬದ ಹಿರಿಯರನ್ನು ಕಿತ್ತುಕೊಂಡಿತು. 33 ವರ್ಷಗಳ ಬಳಿಕವೂ ಎದುರು ಪಕ್ಷದವರನ್ನು ಬಿಡಲಿಲ್ಲ.

ಎರಡನೆಯದು 2016ರ ಮೇ 7ರ ರಾತ್ರಿ ಬಿಹಾರದ ಗಯಾದಲ್ಲಿ ನಡೆದ ಘಟನೆ. ಗೆಳೆಯರೊಂದಿಗೆ ಕಾರಿನಲ್ಲಿ ಮರಳುತ್ತಿದ್ದ, ಹನ್ನೆರಡನೆಯ ತರಗತಿಯ ವಿದ್ಯಾರ್ಥಿಯೊಬ್ಬ ಗುಂಡಿಗೆ ಬಲಿಯಾದ. ಮುಂದಿದ್ದ ದೊಡ್ಡ ವಾಹನವನ್ನು ಹಿಂದಿಕ್ಕಿದ ವಿಷಯದಿಂದ ಜಗಳ ಎದ್ದಿತೆಂಬುದು ಅಭಿಯೋಜನೆಯ ವಾದವಾಗಿತ್ತು. 2017ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನು ತಪ್ಪಿತಸ್ಥರೆಂದು ಘೋಷಿಸಿತು. 2023ರಲ್ಲಿ ಪಟ್ನಾ ಹೈಕೋರ್ಟ್, ಆರೋಪವು ಸಂಶಯಾತೀತವಾಗಿ ಸಾಬೀತಾಗಿಲ್ಲವೆಂದು ಅವರನ್ನು ಬಿಡುಗಡೆ ಮಾಡಿತು.

ಮೊದಲ ಪ್ರಕರಣದಿಂದ ತಿಳಿಯುವುದು, ವಾಹನದಿಂದ ಇಳಿದು ವಾದಕ್ಕೆ ನಿಲ್ಲುವುದೇ ಅಪಾಯದ ಮೊದಲ ಮೆಟ್ಟಿಲು ಎಂಬುದು. ಎರಡನೆಯದರಿಂದ ತಿಳಿಯುವುದು, ಕ್ಷುಲ್ಲಕ ಕಾರಣಕ್ಕೂ ಪ್ರಾಣ ಹೋಗಬಹುದು ಮತ್ತು ಸಾಕ್ಷ್ಯ ಗಟ್ಟಿಯಾಗಿ ನಿಲ್ಲದಿದ್ದರೆ ನ್ಯಾಯಾಲಯವು ಯಾರನ್ನೂ ಶಿಕ್ಷಿಸಲಾರದು ಎಂಬುದು.

3. ಕಾನೂನಿನ ಕಣ್ಣಿನಲ್ಲಿ ಆಯುಧ

ಕೋವಿ, ಪಿಸ್ತೂಲುಗಳನ್ನು ಇಟ್ಟುಕೊಳ್ಳಲು ಆಯುಧಗಳ ಅಧಿನಿಯಮ 1959ರ ಕಲಂ 3ರಂತೆ ಪರವಾನಗಿ ಬೇಕು. ಬೆಳೆ ರಕ್ಷಣೆಗಾಗಿ ಪಡೆದ ಪರವಾನಗಿಯು ರಸ್ತೆಯಲ್ಲಿ ಯಾರನ್ನಾದರೂ ಹೆದರಿಸಲು ಪಡೆದ ಅನುಮತಿಯಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇದೆ; ಆ ವಿನಾಯಿತಿಯೂ ಬೆದರಿಕೆಯ ಅಪರಾಧದಿಂದ ಯಾರನ್ನೂ ಪಾರು ಮಾಡುವುದಿಲ್ಲ.

ಮಚ್ಚು, ಕುಡುಗೋಲು, ಕೊಡಲಿಗಳ ವಿಷಯದಲ್ಲಿ ಗ್ರಾಮಗಳಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಕೃಷಿ ಮತ್ತು ಮನೆಬಳಕೆಗೆಂದೇ ರೂಪಿಸಿದ ಉಪಕರಣಗಳು ಆಯುಧಗಳ ಅಧಿನಿಯಮದ ವ್ಯಾಖ್ಯೆಯಿಂದ ಹೊರಗಿವೆ ಎಂಬುದು ನಿಜ. ಆದುದರಿಂದ ತೋಟಕ್ಕೆ ಹೋಗುವವರು ಮಚ್ಚು ಒಯ್ಯುವುದು ತಪ್ಪಲ್ಲ. ಆದರೆ ಅದೇ ಮಚ್ಚಿನಿಂದ ಗಾಯಗೊಳಿಸಿದರೆ ಭಾರತೀಯ ನ್ಯಾಯ ಸಂಹಿತೆ 2023ರ ಕಲಂ 118 ಅನ್ವಯವಾಗುತ್ತದೆ; ಇರಿಯುವ, ಕತ್ತರಿಸುವ ಹಾಗೂ ಪ್ರಾಣ ತೆಗೆಯಬಲ್ಲ ಯಾವುದೇ ಸಾಧನ ಆ ಕಲಮಿನ ವ್ಯಾಪ್ತಿಗೆ ಬರುತ್ತದೆ. ಮಚ್ಚು ಎತ್ತಿ ಕೊಲ್ಲುವುದಾಗಿ ಹೆದರಿಸಿದರೆ ಕಲಂ 351(3)ರಂತೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಕೊಲ್ಲುವ ಉದ್ದೇಶದಿಂದ ಬೀಸಿದರೆ, ಏಟು ತಗುಲದಿದ್ದರೂ, ಕಲಂ 109ರ ಕೊಲೆಯತ್ನವಾಗಿ 10 ವರ್ಷಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ.

4. ಸಿಟ್ಟು ಆಯುಧವಾಗುವ ಮುನ್ನ

ಆಯುಧದ ಬೆದರಿಕೆಗೆ ಬಹುತೇಕ ಮುನ್ಸೂಚನೆಗಳಿರುತ್ತವೆ. ಹಿಂದಿನ ವಾಹನವು ತೀರಾ ಹತ್ತಿರ ಬರುವುದು, ಬಿಡದೆ ಹಾರ್ನ್ ಬಾರಿಸುವುದು, ಮೇಲ್ಬೆಳಕನ್ನು ಮಿಟುಕಿಸುತ್ತಲೇ ಇರುವುದು, ಹಿಂದಿಕ್ಕಿ ಮುಂದೆ ಬಂದು ಹಠಾತ್ತನೆ ಬ್ರೇಕ್ ಹಾಕುವುದು ಅವುಗಳಲ್ಲಿ ಮುಖ್ಯವಾದವು. ಈ ಹಂತದಲ್ಲಿ ಚಾಲಕರ ಕೈಯಲ್ಲಿ ಇನ್ನೂ ಸಾಕಷ್ಟು ಆಯ್ಕೆಗಳಿರುತ್ತವೆ.

ಎಡಕ್ಕೆ ಸರಿದು, ವೇಗ ತಗ್ಗಿಸಿ, ಆತುರದವರನ್ನು ಮುಂದೆ ಹೋಗಲು ಬಿಡುವುದು ಮೊದಲ ಉಪಾಯ. ಹಾರ್ನ್‌ಗೆ ಹಾರ್ನ್, ಬೆಳಕಿಗೆ ಬೆಳಕು ಎಂದು ಉತ್ತರಿಸಬಾರದು. ದಿಟ್ಟಿಸಿ ನೋಡುವುದು, ಕೈಸನ್ನೆ ಮಾಡುವುದು, ಗಾಜು ಇಳಿಸಿ ಬುದ್ಧಿ ಹೇಳುವುದು ಇವೆಲ್ಲ ಉರಿಯುವ ಒಲೆಗೆ ಸೌದೆ ಒಡ್ಡಿದಂತೆ. ತಪ್ಪು ತಮ್ಮದೇ ಆಗಿದ್ದಲ್ಲಿ ಅಂಗೈ ತೋರಿ ಕ್ಷಮೆಯ ಸೂಚನೆ ನೀಡುವುದರಿಂದ ಅನೇಕ ಜಗಳಗಳು ಅಲ್ಲಿಯೇ ಮುಗಿಯುತ್ತವೆ. ತಪ್ಪು ಎದುರಿನವರದಾಗಿದ್ದರೂ ನಡುರಸ್ತೆಯಲ್ಲಿ ಅದನ್ನು ಸಾಧಿಸಿ ತೋರಿಸುವುದರಿಂದ ಪ್ರಯೋಜನವಿಲ್ಲ.

ಜನಪ್ರತಿನಿಧಿಗಳು ಇಲ್ಲಿ ವಿಶೇಷ ಎಚ್ಚರ ವಹಿಸಬೇಕಾಗುತ್ತದೆ. ‘ನಾನು ಪಂಚಾಯಿತಿ ಸದಸ್ಯ, ನಿನ್ನನ್ನು ನೋಡಿಕೊಳ್ಳುತ್ತೇನೆ’ ಎಂಬ ಮಾತು ಸಿಟ್ಟಿಗೆದ್ದವರ ಕಿವಿಗೆ ಸವಾಲಾಗಿ ಕೇಳಿಸುತ್ತದೆ. ಊರಿನಲ್ಲಿ ಗೌರವ ತರುವ ಹುದ್ದೆಯೇ ರಾತ್ರಿ ಎಂಟರ ಹೆದ್ದಾರಿಯಲ್ಲಿ ಅಪಾಯವನ್ನೂ ತರಬಹುದು.

5. ಬೆನ್ನಟ್ಟಿ ಬಂದಾಗ

ಹಿಂದಿನ ವಾಹನವು ಬಿಡದೆ ಬೆನ್ನು ಹತ್ತಿದೆಯೆಂದು ಖಚಿತವಾದಲ್ಲಿ ಮನೆಯ ದಾರಿ ಹಿಡಿಯಬಾರದು. ಮನೆ ತೋರಿಸಿಕೊಟ್ಟಂತಾಗುತ್ತದೆ, ಕೊನೆಯ ಒಂದು ಕಿ.ಮೀ. ಬಹುತೇಕ ನಿರ್ಜನವೂ ಕತ್ತಲೂ ಆಗಿರುತ್ತದೆ. ಅಡ್ಡದಾರಿ, ಕಾಲುವೆಯ ಏರಿ, ತೋಟದ ದಾರಿಗಳನ್ನೂ ತಪ್ಪಿಸಬೇಕು. ಪೊಲೀಸ್ ಠಾಣೆ, ಪೆಟ್ರೋಲ್ ಬಂಕ್, ಟೋಲ್ ಕೇಂದ್ರ, ಆಸ್ಪತ್ರೆ, ಬಸ್ ನಿಲ್ದಾಣ, ಜನ ಸೇರಿರುವ ಹೋಟೆಲು ಇವುಗಳಲ್ಲಿ ಹತ್ತಿರವಾದುದರ ಕಡೆಗೆ ಸಾಗಬೇಕು.

ವೇಗ ಹೆಚ್ಚಿಸಿ ಪಾರಾಗುವ ಯೋಚನೆ ಸಹಜವಾದರೂ ಲೆಕ್ಕವು ಅದಕ್ಕೆ ವಿರುದ್ಧವಾಗಿದೆ. ಅಪಾಯ ಕಂಡು ಬ್ರೇಕ್ ಒತ್ತಲು ಚಾಲಕರಿಗೆ ಸುಮಾರು 1.5 ಸೆಕೆಂಡ್ ಬೇಕೆಂದೂ, ಒಣ ಡಾಂಬರಿನ ಮೇಲೆ ಟೈರಿನ ಘರ್ಷಣಾಂಕ 0.7 ಎಂದೂ ಇಟ್ಟುಕೊಂಡರೆ, ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 45 ಮೀಟರ್ ಬೇಕು. 80 ಕಿ.ಮೀ. ವೇಗದಲ್ಲಿ ಅದು 69 ಮೀಟರ್, 100 ಕಿ.ಮೀ. ವೇಗದಲ್ಲಿ 98 ಮೀಟರ್ ಆಗುತ್ತದೆ. ಮಳೆಯಲ್ಲಿ ಈ ಅಂತರ ಇನ್ನೂ ಹಿಗ್ಗುತ್ತದೆ. 80 ಕಿ.ಮೀ. ವೇಗದಲ್ಲಿ ಎರಡು ಸೆಕೆಂಡ್ ಹಿಂಗನ್ನಡಿ ನೋಡಿದರೆ ವಾಹನವು 44 ಮೀಟರ್ ಕುರುಡಾಗಿ ಸಾಗಿರುತ್ತದೆ. ಹಳ್ಳಿಯ ರಸ್ತೆಯಲ್ಲಿ ಆ 44 ಮೀಟರ್ ಒಳಗೆ ಎತ್ತಿನ ಗಾಡಿ, ದೀಪವಿಲ್ಲದ ಟ್ರ್ಯಾಕ್ಟರ್, ಒಕ್ಕಣೆಗೆ ಹರಡಿದ ರಾಗಿ ಯಾವುದೂ ಇರಬಹುದು. ಬೆನ್ನಟ್ಟುವವರಿಂದ ಪಾರಾಗಿ ಗುಂಡಿಯಲ್ಲಿ ಬಿದ್ದರೆ ಪಾರಾದಂತಾಗಲಿಲ್ಲ. ಆದುದರಿಂದ ಹಿಡಿತದಲ್ಲಿರುವ ವೇಗದಲ್ಲಿ, ರಸ್ತೆಯ ಮೇಲೆ ಕಣ್ಣಿಟ್ಟು, ಜನರಿರುವ ಸ್ಥಳದವರೆಗೆ ನಿಲ್ಲದೆ ಸಾಗುವುದೇ ಕ್ಷೇಮ.

ದ್ವಿಚಕ್ರ ಸವಾರರಿಗೆ ಬಾಗಿಲಿಲ್ಲ, ಗಾಜಿಲ್ಲ. ಅವರು ಇನ್ನೂ ಬೇಗ ನಿರ್ಧರಿಸಬೇಕಾಗುತ್ತದೆ. ಮೊದಲ ಮುನ್ಸೂಚನೆಯಲ್ಲಿಯೇ ಹತ್ತಿರದ ಅಂಗಡಿ ಅಥವಾ ಬಂಕಿನ ಬೆಳಕಿಗೆ ಹೋಗಿ, ವಾಹನ ಬಿಟ್ಟು, ಜನರ ನಡುವೆ ನಿಲ್ಲಬೇಕು.

6. ಅಡ್ಡಗಟ್ಟಿದಾಗ ಮತ್ತು ಆಯುಧ ಕಂಡಾಗ

ಸಿಗ್ನಲ್, ರೈಲ್ವೆ ಗೇಟು, ಸೇತುವೆಯ ಬಾಯಿ ಮೊದಲಾದ ಕಡೆ ನಿಲ್ಲುವಾಗ ಮುಂದಿನ ವಾಹನದ ಹಿಂಚಕ್ರಗಳು ನೆಲ ಮುಟ್ಟುವ ಜಾಗ ಕಾಣುವಷ್ಟು ಅಂತರ ಬಿಡಬೇಕು. ಆಗ ಹಿಂದೆ ಸರಿಯದೆಯೇ ಪಕ್ಕಕ್ಕೆ ತಿರುಗಿ ಹೊರಬರಬಹುದು. ಬಾಗಿಲುಗಳನ್ನು ಪ್ರಯಾಣದುದ್ದಕ್ಕೂ ಒಳಗಿನಿಂದ ಭದ್ರಪಡಿಸಿರಬೇಕು.

ಅಡ್ಡಗಟ್ಟಿದವರು ಇಳಿದು ಬರುತ್ತಿದ್ದರೆ ಎಂಜಿನ್ ಆರಿಸಬಾರದು, ಕೆಳಗಿಳಿಯಬಾರದು. ಗಾಜು ಏರಿಸಿಯೇ ಇರಬೇಕು. ದಾರಿ ತೆರೆದಿದ್ದರೆ ಮುಂದಕ್ಕೋ ಹಿಂದಕ್ಕೋ ಅಲ್ಲಿಂದ ಹೊರಡಬೇಕು. ಎದುರು ನಿಂತವರ ಮೇಲೆ ವಾಹನ ಹಾಯಿಸುವುದು ಪರಿಹಾರವಲ್ಲ. ಅದು ಚಾಲಕರನ್ನೇ ಆರೋಪಿಯ ಸ್ಥಾನದಲ್ಲಿ ನಿಲ್ಲಿಸಬಹುದು.

ಕಾರಿನ ರಚನೆಯ ಬಗ್ಗೆ ತಿಳಿದಿರುವುದು ಇಲ್ಲಿ ಉಪಯುಕ್ತ. ಮುಂಗಾಜು ಎರಡು ಗಾಜಿನ ಪದರಗಳ ನಡುವೆ ಪ್ಲಾಸ್ಟಿಕ್ ಪದರವಿಟ್ಟು ಮಾಡಿದ್ದು. ಒಡೆದರೂ ತಕ್ಷಣ ಉದುರುವುದಿಲ್ಲ. ಪಕ್ಕದ ಗಾಜುಗಳು ಸಾಮಾನ್ಯವಾಗಿ ಹದಗೊಳಿಸಿದ ಒಂದೇ ಪದರದವು. ಚೂಪಾದ ಏಟಿಗೆ ಸಣ್ಣ ಹರಳುಗಳಾಗಿ ಸುರಿಯುತ್ತವೆ. ಬಾಗಿಲಿನ ತಗಡು ಮಚ್ಚನ್ನು ತಡೆದೀತು, ಗುಂಡನ್ನು ನಂಬಿಕೆಯಿಂದ ತಡೆಯಲಾರದು. ಗುಂಡು ಹಾರುವ ಭಯವಿದ್ದಾಗ ದೇಹವನ್ನು ಆದಷ್ಟು ಕೆಳಗೆ ಬಗ್ಗಿಸಬೇಕು. ಹೊರಗೆ ಅಡಗಲೇಬೇಕಾದರೆ ಎಂಜಿನ್ ಇರುವ ಭಾಗದ ಹಿಂದೆ ಅಡಗುವುದು ಬಾಗಿಲಿನ ಹಿಂದೆ ಅಡಗುವುದಕ್ಕಿಂತ ಮೇಲು. ಮಕ್ಕಳಿದ್ದರೆ ಆಸನಗಳ ನಡುವಿನ ನೆಲದಲ್ಲಿ ಕುಳ್ಳಿರಿಸಬೇಕು.

ಎಲ್ಲ ದಿಕ್ಕೂ ಮುಚ್ಚಿದ್ದು, ಆಯುಧ ಮೈಗೆ ತಾಗುವಷ್ಟು ಹತ್ತಿರವಿದ್ದರೆ, ಕೈಗಳನ್ನು ಎದುರಿನವರಿಗೆ ಕಾಣುವಂತೆ ಇಡಬೇಕು. ಹಠಾತ್ತನೆ ಜೇಬಿಗೋ ಆಸನದ ಕೆಳಗೋ ಕೈ ಹಾಕಿದರೆ ಆಯುಧ ತೆಗೆಯುತ್ತಿದ್ದಾರೆಂಬ ಭ್ರಮೆ ಹುಟ್ಟುತ್ತದೆ. ದನಿ ತಗ್ಗಿಸಿ, ಚಿಕ್ಕ ವಾಕ್ಯಗಳಲ್ಲಿ, ‘ತಪ್ಪಾಯಿತು, ನೀವು ಹೋಗಿ’ ಎಂಬಷ್ಟೇ ಮಾತು ಸಾಕು. ಕೀಲಿ, ಹಣ, ಫೋನು ಕೇಳಿದರೆ ಕೊಟ್ಟುಬಿಡಬೇಕು. ವಾಹನಕ್ಕೆ ವಿಮೆ ಇರುತ್ತದೆ, ಸದಸ್ಯರ ಮನೆಯವರಿಗೆ ಸದಸ್ಯರ ಬದಲಿ ಸಿಗುವುದಿಲ್ಲ. ಕ್ಷಮೆ ಕೇಳಿ ಉಳಿದವರನ್ನು ಹೇಡಿಗಳೆಂದು ಕರೆಯುವ ಮಾತು ಊರಿನಲ್ಲಿ ಕೇಳಿಬಂದರೆ, ಅದನ್ನು ತಿದ್ದುವುದೂ ಸದಸ್ಯರ ಕೆಲಸವೇ.

7. 112ಕ್ಕೆ ಏನು ಹೇಳಬೇಕು?

ತುರ್ತು ಸ್ಪಂದನೆಗೆ ದೇಶದಾದ್ಯಂತ 112 ಸಂಖ್ಯೆ ಇದೆ. ರಾಷ್ಟ್ರೀಯ ಹೆದ್ದಾರಿಗಳ ಸಹಾಯವಾಣಿ 1033. ಗಾಯಾಳುಗಳಿಗೆ ಆಂಬ್ಯುಲೆನ್ಸ್ 108. ಸಾಧ್ಯವಿದ್ದಲ್ಲಿ ಕರೆ ಮಾಡುವ ಕೆಲಸ ಪಕ್ಕದಲ್ಲಿ ಕುಳಿತವರದು. ಚಾಲಕರ ಕೈ ಚಕ್ರದ ಮೇಲಿರಬೇಕು.

ಕರೆಯಲ್ಲಿ ಮೊದಲು ಹೇಳಬೇಕಾದುದು ಸ್ಥಳ. ಕರೆ ಅರ್ಧಕ್ಕೆ ನಿಂತರೂ ಸ್ಥಳ ತಿಳಿದಿದ್ದರೆ ನೆರವು ಹೊರಡಬಹುದು. ಬಳಿಕ ಸಾಗುತ್ತಿರುವ ದಿಕ್ಕು, ಎದುರು ವಾಹನದ ಸಂಖ್ಯೆ ಮತ್ತು ಬಣ್ಣ, ಜನರ ಸಂಖ್ಯೆ, ಕಂಡ ಆಯುಧ, ಗಾಯಗೊಂಡವರ ವಿವರ ಈ ಕ್ರಮದಲ್ಲಿ ತಿಳಿಸಬೇಕು. ನೋಂದಣಿ ಸಂಖ್ಯೆ ಪೂರ್ತಿ ಕಾಣದಿದ್ದರೆ ಕೊನೆಯ ನಾಲ್ಕು ಅಂಕಿಗಳಾದರೂ ಸಾಕು.

ಸ್ಥಳ ಹೇಳಲು ಮೈಲಿಗಲ್ಲು ಉತ್ತಮ ಸಾಧನ. ತಲೆಗೆ ಹಳದಿ ಬಳಿದ ಕಲ್ಲು ರಾಷ್ಟ್ರೀಯ ಹೆದ್ದಾರಿಯದು, ಹಸಿರು ರಾಜ್ಯ ಹೆದ್ದಾರಿಯದು, ಕಿತ್ತಳೆ ಗ್ರಾಮೀಣ ರಸ್ತೆಯದು. ‘ಹಸಿರು ಕಲ್ಲು, ಇಂತಹ ಊರಿಗೆ 14 ಕಿ.ಮೀ.’ ಎಂಬ ಒಂದು ವಾಕ್ಯವು ‘ದೊಡ್ಡ ಆಲದ ಮರದ ಹತ್ತಿರ’ ಎಂಬ ವಿವರಣೆಗಿಂತ ಬೇಗ ನೆರವು ತರುತ್ತದೆ.

8. ಆತ್ಮರಕ್ಷಣೆಯ ಹಕ್ಕು ಮತ್ತು ಅದರ ಗಡಿ

ಭಾರತೀಯ ನ್ಯಾಯ ಸಂಹಿತೆಯ ಕಲಂ 34ರಿಂದ 44ರವರೆಗೆ ಆತ್ಮರಕ್ಷಣೆಯ ಹಕ್ಕನ್ನು ವಿವರಿಸಲಾಗಿದೆ. ಪ್ರಾಣಾಪಾಯದ ಯುಕ್ತ ಭಯ ಹುಟ್ಟಿದಾಗ ಈ ಹಕ್ಕು ಆರಂಭವಾಗುತ್ತದೆ. ಭಯ ಮುಗಿದೊಡನೆ ಹಕ್ಕೂ ಮುಗಿಯುತ್ತದೆ ಎಂಬುದು ಕಲಂ 40ರ ಸಾರ. ರಕ್ಷಣೆಗೆ ಬೇಕಾದುದಕ್ಕಿಂತ ಹೆಚ್ಚು ಹಾನಿ ಮಾಡಬಾರದೆಂದೂ, ಸರ್ಕಾರಿ ರಕ್ಷಣೆ ಪಡೆಯಲು ಸಮಯವಿದ್ದಾಗ ಈ ಹಕ್ಕು ಇಲ್ಲವೆಂದೂ ಕಲಂ 37 ಹೇಳುತ್ತದೆ.

ಇದರ ವ್ಯಾವಹಾರಿಕ ಅರ್ಥ ಸ್ಪಷ್ಟವಾಗಿದೆ. ಮಚ್ಚು ಬೀಸುತ್ತಿರುವ ಕೈಯನ್ನು ತಡೆಯುವುದು ರಕ್ಷಣೆ. ಮಚ್ಚು ಹಿಡಿದವರು ವಾಹನವೇರಿ ಹೊರಟ ಮೇಲೆ ಊರಿನ ಹತ್ತು ಜನರನ್ನು ಕಟ್ಟಿಕೊಂಡು ಬೆನ್ನಟ್ಟುವುದು ರಕ್ಷಣೆಯಲ್ಲ. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಅಪರಾಧದ ಉದ್ದೇಶದಿಂದ ಸೇರಿದರೆ ಅದು ಕಲಂ 189ರ ಕಾನೂನುಬಾಹಿರ ಕೂಟವಾಗುತ್ತದೆ. ಬಲಿಪಶುಗಳಾಗಿದ್ದವರು ಒಂದೇ ಗಂಟೆಯಲ್ಲಿ ಆರೋಪಿಗಳಾಗುವುದು ಹೀಗೆಯೇ.

ಅಪಘಾತದ ಬಳಿಕ ಜನರ ಗುಂಪು ಮುಗಿಬೀಳುವ ಸಂದರ್ಭಕ್ಕೆ ಮೋಟಾರು ವಾಹನಗಳ ಅಧಿನಿಯಮ 1988ರ ಕಲಂ 134 ಒಂದು ದಾರಿ ತೋರಿಸಿದೆ. ಗಾಯಾಳುವಿಗೆ ಚಿಕಿತ್ಸೆ ಕೊಡಿಸುವುದು ಚಾಲಕರ ಕರ್ತವ್ಯ. ಆದರೆ ಗುಂಪಿನ ಆಕ್ರೋಶದಿಂದ ಅದು ಅಸಾಧ್ಯವಾದಲ್ಲಿ, ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ ಹತ್ತಿರದ ಠಾಣೆಗೆ ಹೋಗಿ ಕಾರಣಸಹಿತ ತಿಳಿಸಬೇಕು. ಪ್ರಾಣಭಯದಿಂದ ಠಾಣೆಗೆ ಹೋಗುವವರು ಪಲಾಯನ ಮಾಡಿದವರಲ್ಲ. ಮನೆಗೆ ಹೋಗಿ ಸುಮ್ಮನಾಗುವವರಿಗೆ ಆ ರಕ್ಷಣೆ ಇಲ್ಲ.

9. ದೂರು ಮತ್ತು ಸಾಕ್ಷ್ಯ

ಗಯಾ ಪ್ರಕರಣ ಕಲಿಸಿದ ಪಾಠ ಇಲ್ಲಿ ನೆನಪಿರಬೇಕು. ಸುರಕ್ಷಿತ ಸ್ಥಳ ತಲುಪಿದೊಡನೆ ಸಮಯ, ಸ್ಥಳ, ವಾಹನ ಸಂಖ್ಯೆ, ಚಹರೆ, ಆಡಿದ ಮಾತುಗಳನ್ನು ಇದ್ದಂತೆಯೇ ಬರೆದಿಡಬೇಕು. ಒಂದು ರಾತ್ರಿ ಕಳೆದರೆ ಊಹೆ ನೆನಪಿನೊಂದಿಗೆ ಬೆರೆಯುತ್ತದೆ. ಒಡೆದ ಗಾಜು, ಬಾಗಿದ ಬಾಗಿಲುಗಳನ್ನು ಪೊಲೀಸರು ನೋಡುವ ಮುನ್ನ ದುರಸ್ತಿ ಮಾಡಿಸಬಾರದು. ಗಾಯ ಸಣ್ಣದಾದರೂ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ದಾಖಲೆ ಪಡೆಯಬೇಕು.

ವಾಹನದ ಕ್ಯಾಮೆರಾ ಅಥವಾ ಅಂಗಡಿಯ ಸಿಸಿಟಿವಿ ದೃಶ್ಯವಿದ್ದಲ್ಲಿ ಮೂಲ ಮೆಮೊರಿ ಕಾರ್ಡನ್ನೇ ಕಾಪಾಡಬೇಕು. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ ಕಲಂ 63ರಂತೆ ವಿದ್ಯುನ್ಮಾನ ದಾಖಲೆಗೆ ಪ್ರಮಾಣಪತ್ರ ಬೇಕಾಗುತ್ತದೆ. ವಾಟ್ಸ್ಆಪ್ ಗುಂಪುಗಳಲ್ಲಿ ಸುತ್ತಿ, ಕತ್ತರಿಸಿ, ಹಾಡು ಸೇರಿಸಿದ ತುಣುಕು ನ್ಯಾಯಾಲಯದಲ್ಲಿ ದುರ್ಬಲವಾಗುತ್ತದೆ. ಎದುರು ಪಕ್ಷದವರನ್ನು ಎಚ್ಚರಿಸುತ್ತದೆ.

ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ 2023ರ ಕಲಂ 173ರಂತೆ, ಘಟನೆ ಯಾವ ಠಾಣೆಯ ವ್ಯಾಪ್ತಿಯಲ್ಲಿ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ಸಂಜ್ಞೇಯ ಅಪರಾಧದ ಮಾಹಿತಿ ನೀಡಬಹುದು. ವಿದ್ಯುನ್ಮಾನ ಮಾರ್ಗದಿಂದ ನೀಡಿದರೆ ಮೂರು ದಿನಗಳೊಳಗೆ ಸಹಿ ಮಾಡಬೇಕು. ವರದಿಯ ಪ್ರತಿಯನ್ನು ಉಚಿತವಾಗಿ ಪಡೆಯುವ ಹಕ್ಕಿದೆ. ಠಾಣಾಧಿಕಾರಿ ದಾಖಲಿಸಲು ನಿರಾಕರಿಸಿದರೆ ಲಿಖಿತ ಸಾರಾಂಶವನ್ನು ಜಿಲ್ಲಾ ಪೊಲೀಸ್ ಅಧೀಕ್ಷಕರಿಗೆ ಕಳುಹಿಸಬಹುದು.

ದೂರು ಬರೆಯುವಾಗ ‘ಬೆದರಿಸಿದರು’ ಎಂಬ ಒಂದೇ ಮಾತಿಗೆ ನಿಲ್ಲಬಾರದು. ದುಡುಕಿನಿಂದ ವಾಹನ ಓಡಿಸಿದ್ದು ಕಲಂ 281, ದಾರಿಗೆ ಅಡ್ಡ ನಿಲ್ಲಿಸಿ ತಡೆದದ್ದು ಕಲಂ 126, ಜೀವ ಬೆದರಿಕೆ ಹಾಕಿದ್ದು ಕಲಂ 351, ಗಾಯಗೊಳಿಸಿದ್ದು ಕಲಂ 118, ಹೀಗೆ ಪ್ರತಿಯೊಂದು ಕೃತ್ಯವೂ ಬೇರೆ ಬೇರೆ ಅಪರಾಧ. ದುಡುಕಿನ ಚಾಲನೆ ಮತ್ತು ಅಕ್ರಮ ತಡೆ ಸಂಜ್ಞೇಯ ಅಪರಾಧಗಳಾದುದರಿಂದ, ಅವುಗಳನ್ನು ನಡೆದ ಕ್ರಮದಲ್ಲಿಯೇ ನಮೂದಿಸಿದರೆ ದೂರು ದಾಖಲಾಗುವುದು ಸುಲಭವಾಗುತ್ತದೆ. ನಡೆಯದಿದ್ದುದನ್ನು ಸೇರಿಸಿದರೆ ನಡೆದದ್ದೂ ಸಂಶಯಕ್ಕೆ ಒಳಗಾಗುತ್ತದೆ. ಉಚಿತ ಕಾನೂನು ನೆರವಿಗೆ 15100 ಸಹಾಯವಾಣಿ ಇದೆ.

10. ರಾಜಿ ಪಂಚಾಯಿತಿ ಮತ್ತು ಸದಸ್ಯರ ಕರ್ತವ್ಯ

ಹೀಗೊಂದು ಸಂದರ್ಭವನ್ನು ಊಹಿಸಿಕೊಳ್ಳಬಹುದು. ಸ್ವಚ್ಛ ವಾಹಿನಿಯ ಚಾಲಕಿಯೊಬ್ಬರು ಬೀದಿಯಲ್ಲಿ ಕಸ ತುಂಬಿಸಿಕೊಳ್ಳುತ್ತಿದ್ದಾಗ, ದಾರಿ ಸಿಗದ ಯುವಕನೊಬ್ಬ ಕೊಡಲಿ ತಂದು ಅವರ ತಲೆಗೆ ಬೀಸುತ್ತಾನೆ. ಅವರು ಬಗ್ಗಿದ್ದರಿಂದ ಏಟು ಗಾಜಿಗೆ ತಗುಲುತ್ತದೆ. ಸಂಜೆ ಹಿರಿಯರು ಸೇರಿ, ‘ಹುಡುಗ ನಮ್ಮವನೇ, ಗಾಜಿನ ಹಣ ಕೊಡುತ್ತಾನೆ, ದೂರು ಬೇಡ’ ಎಂದು ತೀರ್ಮಾನಿಸುತ್ತಾರೆ. ವಾರ್ಡ್ ಸದಸ್ಯರನ್ನೂ ಆ ಕಟ್ಟೆಗೆ ಕರೆದು ಕೂರಿಸುತ್ತಾರೆ.

ಇಲ್ಲಿ ಸದಸ್ಯರ ಸ್ಥಾನವು ಸಾಮಾನ್ಯ ಗ್ರಾಮಸ್ಥರದಲ್ಲ. ನಾಗರಿಕ ಸುರಕ್ಷಾ ಸಂಹಿತೆಯ ಕಲಂ 34ರಂತೆ, ಗ್ರಾಮದಲ್ಲಿ ಅಥವಾ ಅದರ ಸಮೀಪದಲ್ಲಿ ಜಾಮೀನುರಹಿತ ಅಪರಾಧ ನಡೆದ, ಅಥವಾ ನಡೆಸುವ ಉದ್ದೇಶವಿರುವ ಮಾಹಿತಿಯುಳ್ಳ ಗ್ರಾಮಾಡಳಿತದ ಅಧಿಕಾರಿಗಳೂ ಗ್ರಾಮನಿವಾಸಿಗಳೂ ಅದನ್ನು ಕೂಡಲೇ ಹತ್ತಿರದ ಮ್ಯಾಜಿಸ್ಟ್ರೇಟರಿಗೆ ಅಥವಾ ಪೊಲೀಸ್ ಠಾಣೆಗೆ ತಿಳಿಸಬೇಕು. ಗ್ರಾಮಾಡಳಿತದ ಅಧಿಕಾರಿ ಎಂಬ ಪದದ ವ್ಯಾಖ್ಯೆಯಲ್ಲಿ ಗ್ರಾಮದ ಪಂಚಾಯಿತಿಯ ಸದಸ್ಯರು ಸೇರಿದ್ದಾರೆ. ಕಾನೂನುಬಾಹಿರ ಕೂಟ ಮತ್ತು ದೊಂಬಿಯ ಮಾಹಿತಿಗೂ ಇದೇ ನಿಯಮ ಅನ್ವಯಿಸುತ್ತದೆ. ಕೊಲೆಯತ್ನವು ಜಾಮೀನುರಹಿತ ಅಪರಾಧ. ಕೊಲೆಯತ್ನವಾಗಲಿ, ಆಯುಧಗಳ ಅಧಿನಿಯಮದ ಅಪರಾಧಗಳಾಗಲಿ ರಾಜಿಗೆ ಒಳಪಡುವಂತಹವಲ್ಲ.

ಗಡಿ ಜಗಳ, ಚರಂಡಿ ನೀರಿನ ತಕರಾರುಗಳನ್ನು ಮಾತಿನಲ್ಲಿ ಬಗೆಹರಿಸುವ ಸದಸ್ಯರ ಅನುಭವಕ್ಕೆ ಬೆಲೆಯಿದೆ. ಆದರೆ ತಲೆಗೆ ಬೀಸಿದ ಕೊಡಲಿಯನ್ನು ಗಾಜಿನ ಬೆಲೆಗೆ ಇಳಿಸಿದಾಗ, ಮರುದಿನ ಅದೇ ಬೀದಿಗೆ ಕಸ ತರಲು ಹೋಗಬೇಕಾದವರು ಆ ಚಾಲಕಿಯೇ. ಅವರ ಮೌನವನ್ನು ಒಪ್ಪಿಗೆಯೆಂದು ಭಾವಿಸಬಾರದು. ಸದಸ್ಯರು ಮಾಡಬೇಕಾದುದು ಠಾಣೆಗೆ ಮಾಹಿತಿ ನೀಡುವುದು, ದೂರು ನೀಡುವಾಗ ಅವರ ಜೊತೆಯಲ್ಲಿರುವುದು ಮತ್ತು ಸಾಕ್ಷಿಗಳಿಗೆ ಧೈರ್ಯ ಹೇಳುವುದು. ಯಾರು ತಪ್ಪಿತಸ್ಥರು ಎಂಬುದನ್ನು ತೀರ್ಮಾನಿಸುವ ಭಾರ ನ್ಯಾಯಾಲಯದ್ದು.

11. ಪಂಚಾಯಿತಿಯ ಸಿದ್ಧತೆ

ಪ್ರತಿ ಗ್ರಾಮ ಪಂಚಾಯಿತಿಯು ತನ್ನ ವ್ಯಾಪ್ತಿಯ ಮುಖ್ಯ ರಸ್ತೆಗಳಲ್ಲಿ ರಾತ್ರಿ ವೇಳೆ ನಿಲ್ಲಬಹುದಾದ ಸುರಕ್ಷಿತ ಸ್ಥಳಗಳನ್ನು ಗುರುತಿಸಬಹುದು. ಬಸ್ ತಂಗುದಾಣ, ಹಾಲಿನ ಡೇರಿ, ಪಂಚಾಯಿತಿ ಕಚೇರಿ, ಬಂಕ್ ಇವುಗಳಲ್ಲಿ ಜನ ಮತ್ತು ಬೆಳಕು ಇರುವ ಜಾಗವನ್ನು ಆರಿಸಿ, ಅಲ್ಲಿನ ಬೀದಿದೀಪಗಳ ನಿರ್ವಹಣೆಗೆ ಆದ್ಯತೆ ನೀಡಬಹುದು. ಊರಿನ ಹೆಸರು ಮತ್ತು 112 ಸಂಖ್ಯೆಯನ್ನು ರಾತ್ರಿಯೂ ಕಾಣುವ ಪ್ರತಿಫಲಿತ ಅಕ್ಷರಗಳಲ್ಲಿ ಬರೆಸಿದರೆ, ಅಪರಿಚಿತ ಪ್ರಯಾಣಿಕರೂ ತಾವಿರುವ ಸ್ಥಳವನ್ನು ಹೇಳಬಲ್ಲರು. ಗಿಡ ಮುಚ್ಚಿದ, ಬಣ್ಣ ಅಳಿದ ಮೈಲಿಗಲ್ಲುಗಳ ಪಟ್ಟಿಯನ್ನು ಸಂಬಂಧಿಸಿದ ಇಲಾಖೆಗೆ ಕಳುಹಿಸಬಹುದು. ಸಿಸಿಟಿವಿ ಇರುವ ಅಂಗಡಿಗಳ ಪಟ್ಟಿಯನ್ನು ಬೀಟ್ ಪೊಲೀಸರೊಂದಿಗೆ ಹಂಚಿಕೊಳ್ಳಬಹುದು.

ಟ್ಯಾಂಕರ್ ಮತ್ತು ಸ್ವಚ್ಛ ವಾಹಿನಿ ಚಾಲಕರಿಗೆ ಈ ಪಾಠದ 4ರಿಂದ 7ರವರೆಗಿನ ಭಾಗಗಳನ್ನು ಓದಿ ಹೇಳಿ, ಒಮ್ಮೆ ಅಭ್ಯಾಸ ಮಾಡಿಸುವುದು ಅಗತ್ಯ. ‘ಸಿಟ್ಟಿಗೆದ್ದವರು ಬಂದರೆ ಕೆಲಸ ನಿಲ್ಲಿಸಿ ಅಲ್ಲಿಂದ ಹೊರಡಬಹುದು, ಆ ದಿನದ ಬೀದಿ ಬಾಕಿ ಉಳಿದರೆ ವಿವರಣೆ ಕೇಳಲಾಗುವುದಿಲ್ಲ’ ಎಂಬ ಲಿಖಿತ ಭರವಸೆ ಅವರಿಗೆ ದೊರೆಯಬೇಕು. ವೇತನ ಕಡಿತದ ಭಯವಿರುವ ಚಾಲಕಿ ಕೊಡಲಿಯ ಎದುರೂ ನಿಂತಿರುತ್ತಾರೆ.

ರಸ್ತೆಯ ಮೇಲೆ ಒಕ್ಕಣೆ, ಅಡ್ಡಾದಿಡ್ಡಿ ನಿಲುಗಡೆ, ಅನುಮತಿಯಿಲ್ಲದ ಉಬ್ಬು, ಬೀದಿಯನ್ನು ಕಿರಿದಾಗಿಸಿದ ಒತ್ತುವರಿ ಇವೆಲ್ಲ ಪ್ರತಿದಿನ ಸಿಟ್ಟಿಗೆ ಕಾರಣವಾಗುವ ಸಂಗತಿಗಳು. ಇವುಗಳನ್ನು ತೆರವುಗೊಳಿಸುವುದರಿಂದ ಜಗಳದ ಸಂದರ್ಭಗಳೇ ಕಡಿಮೆಯಾಗುತ್ತವೆ.

12. ಸಾಮಾನ್ಯ ಸಭೆಯಲ್ಲಿ ಚರ್ಚೆಗೆ

(ಅ) ತಮ್ಮ ವಾರ್ಡಿನಿಂದ ತಾಲ್ಲೂಕು ಕೇಂದ್ರದವರೆಗಿನ ದಾರಿಯಲ್ಲಿ, ರಾತ್ರಿ 9 ಗಂಟೆಯ ನಂತರವೂ ಬೆಳಕು ಮತ್ತು ಜನ ಇರುವ ಮೂರು ಸ್ಥಳಗಳು ಯಾವುವು? ಇಲ್ಲದಿದ್ದಲ್ಲಿ ಯಾವ ಸ್ಥಳವನ್ನು ಸಿದ್ಧಪಡಿಸಬಹುದು?

(ಆ) ಆ ದಾರಿಯ ಎಷ್ಟು ಮೈಲಿಗಲ್ಲುಗಳು ರಾತ್ರಿ ಓದಲು ಬರುವ ಸ್ಥಿತಿಯಲ್ಲಿವೆ?

(ಇ) ಪಂಚಾಯಿತಿಯ ವಾಹನ ಚಾಲಕರು ಬೆದರಿಕೆಯನ್ನು ಎದುರಿಸಿದ್ದುಂಟೇ? ಆಗ ಅವರು ಯಾರಿಗೆ ತಿಳಿಸಿದರು, ಅವರ ಜೊತೆ ಯಾರು ನಿಂತರು?

(ಈ) ಆಯುಧ ಬಳಸಿದ ಜಗಳದ ರಾಜಿ ಕಟ್ಟೆಗೆ ಸದಸ್ಯರನ್ನು ಕರೆದಾಗ, ಕಲಂ 34ರ ಕರ್ತವ್ಯವನ್ನು ಯಾವ ಮಾತುಗಳಲ್ಲಿ ವಿವರಿಸಬಹುದು?

(ಅ) ಮತ್ತು (ಆ) ಪ್ರಶ್ನೆಗಳ ಉತ್ತರಗಳನ್ನು ವಾರ್ಡುವಾರು ಪಟ್ಟಿಯಾಗಿ ಸಿದ್ಧಪಡಿಸಿ ಸಭೆಯ ನಡಾವಳಿಯಲ್ಲಿ ದಾಖಲಿಸುವುದು, ಅದರ ಒಂದು ಪ್ರತಿಯನ್ನು ವ್ಯಾಪ್ತಿಯ ಪೊಲೀಸ್ ಠಾಣೆಗೆ ನೀಡುವುದು.